ಕಾರ್ಬನ್ ಬ್ಯಾಟರಿ ಮತ್ತು ನಮ್ಮ ಮಳೆಗಾಲ

ಯಲ್ಲಾಪುರ–ಹುಬ್ಬಳ್ಳಿ ಹೆದ್ದಾರಿಯ ಕಿರವತ್ತಿ ಸುತ್ತಮುತ್ತ ಇನ್ವರ್ಟರ್, ಸೋಲಾರ್ ದೀಪ ಕೂರಿಸುವುದು, ಕೆಟ್ಟದ್ದನ್ನು ನೋಡಿಕೊಡುವುದು ನನ್ನ ಕೆಲಸ. ಓದಿ ಕಲಿತದ್ದು ಕಡಿಮೆ, ಬ್ಯಾಟರಿ ಹಾಳಾದ ಮೇಲೆ ಕಲಿತದ್ದೇ ಹೆಚ್ಚು. ಸೀಸದ ಬ್ಯಾಟರಿಗೆ ಕಾರ್ಬನ್ ಬೆರೆಸುವ ವಿಚಾರ ಈಗ ಗಿರಾಕಿಗಳೂ ಕೇಳುತ್ತಾರೆ. ನನಗೆ ತಿಳಿದಷ್ಟನ್ನು ಬರೆದಿದ್ದೇನೆ.

1. ಬ್ಯಾಟರಿ ಸಾಯುವುದು ಅರೆಹೊಟ್ಟೆಯಿಂದ

ಮಳೆಗಾಲದಲ್ಲಿ ತೋಟದ ಮನೆಗಳಿಂದ ಬರುವ ದೂರು ಒಂದೇ: “ತಮಾ, ಕರೆಂಟು ಹೋದ್ರೆ ಬ್ಯಾಟ್ರಿ ಅರ್ಧ ತಾಸೂ ಬತ್ತಿಲ್ಲೆ.” ಬ್ಯಾಟರಿ ಸಣ್ಣದಾಯಿತು ಎಂದುಕೊಂಡು ಅಂಥ ಒಂದು ಮನೆಗೆ ದೊಡ್ಡದನ್ನು ಕೊಡಿಸಿದೆ. ಪ್ಯಾನಲ್ ಹಳೆಯದೇ, ಅದರ ಮೇಲೆ ಅಡಿಕೆ ಮರದ ನೆರಳು ಬೇರೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಹೊಸದೂ ಕೂತುಹೋಯಿತು.

ಬ್ಯಾಟರಿ ಖಾಲಿಯಾಗುವಾಗ ಎರಡೂ ಬಗೆಯ ಪ್ಲೇಟುಗಳಲ್ಲಿ ಸೀಸದ ಸಲ್ಫೇಟ್ ಹುಟ್ಟುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಪ್ಲೇಟು ಮೊದಲಿನಂತಾಗುತ್ತದೆ. ವಾರಗಟ್ಟಲೆ ಅರ್ಧ ಚಾರ್ಜಿನಲ್ಲೇ ಬಿಟ್ಟರೆ ಸಣ್ಣ ಹರಳುಗಳು ಹೋಗಿ ದೊಡ್ಡ, ಗಟ್ಟಿ ಹರಳುಗಳಾಗುತ್ತವೆ. ಆಮೇಲೆ ಅವು ಸುಲಭಕ್ಕೆ ಕರಗುವುದಿಲ್ಲ. ಆ ಮನೆಗೆ ಬೇಕಿದ್ದದ್ದು ಇನ್ನೊಂದು ಪ್ಯಾನಲ್, ನೆರಳಿಲ್ಲದ ಜಾಗ. ಅದನ್ನು ನೋಡದೆ ಅವರ ದುಡ್ಡು ಹಾಳು ಮಾಡಿಸಿದೆನಲ್ಲ ಎಂಬ ಬೇಸರ ಇನ್ನೂ ಇದೆ.

2. ಕಾರ್ಬನ್ನಿನ ಜಾಗ ನೆಗೆಟಿವ್ ಪ್ಲೇಟು

ನೆಗೆಟಿವ್ ಪ್ಲೇಟಿಗೆ ಮೆತ್ತುವ ಸೀಸದ ಪೇಸ್ಟಿನಲ್ಲಿ ಮೊದಲಿನಿಂದಲೂ ಬೇರಿಯಂ ಸಲ್ಫೇಟ್, ಮರದಿಂದ ತೆಗೆದ ಲಿಗ್ನಿನ್ ಮತ್ತು ಚೂರು ಕಾರ್ಬನ್ ಮಸಿ ಇರುತ್ತಿದ್ದವು. ಮಸಿಯ ಪ್ರಮಾಣ ಸುಮಾರು ಶೇ. 0.2. ಅದನ್ನು ಹೆಚ್ಚಿಸಿದರೆ ಅರ್ಧ ಚಾರ್ಜಿನಲ್ಲಿ ದುಡಿಯುವ ಬ್ಯಾಟರಿಯಲ್ಲೂ ಸಲ್ಫೇಟ್ ಗಟ್ಟಿಯಾಗುವುದು ತಡವಾಗುತ್ತದೆ ಎಂಬುದನ್ನು 1990ರ ದಶಕದಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಸಲ್ಫೇಟ್‌ನಲ್ಲಿ ಕರೆಂಟು ಹರಿಯುವುದಿಲ್ಲ. ಹರಳುಗಳ ನಡುವೆ ಕಾರ್ಬನ್ ಇದ್ದರೆ ಕರೆಂಟಿಗೆ ದಾರಿ ಸಿಗುತ್ತದೆ, ಹರಳು ಬೆಳೆಯಲು ಜಾಗ ಕಡಿಮೆಯಾಗುತ್ತದೆ, ಹೊಸ ಸೀಸ ಬಂದು ಕೂರಲು ನೆಲೆಯಾಗುತ್ತದೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ.

ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ ನೆಗೆಟಿವ್ ಪ್ಲೇಟಿನ ಒಂದು ಭಾಗವನ್ನೇ ಕಾರ್ಬನ್ ಮಾಡಿ ‘ಅಲ್ಟ್ರಾಬ್ಯಾಟರಿ’ ರೂಪಿಸಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ಶುಕ್ಲಾ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ನೆಗೆಟಿವ್ ಕಡೆ ಪೂರ್ತಿ ಕಾರ್ಬನ್ನೇ ಇಟ್ಟು ಸೀಸ–ಕಾರ್ಬನ್ ಅಲ್ಟ್ರಾಕೆಪಾಸಿಟರ್ ಮಾಡಿದರು. ಇದನ್ನು ತಿಳಿದಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು.

3. ಮುಚ್ಚಳ ತೆಗೆದು ಸುರಿಯುವುದಲ್ಲ

ಕಾರ್ಬನ್ ಒಳ್ಳೆಯದೆಂದು ಕೇಳಿ, ಹಳೆಯ ಬ್ಯಾಟರಿಯೊಂದರ ಸೆಲ್ಲುಗಳಿಗೆ ಕಪ್ಪು ಪುಡಿ ಕಲಸಿದ ದ್ರಾವಣ ಹಾಕಿ ನೋಡಿದ್ದೆ. ಪುಡಿ ತಳಕ್ಕೆ ಇಳಿಯಿತು. ಕೆಲವು ಸೆಲ್ಲು ಲೋಡ್ ಇಲ್ಲದೆಯೂ ಇಳಿಯತೊಡಗಿದವು. ಪೇಸ್ಟಿನೊಳಗೆ ಹದವಾಗಿ ಬೆರೆತ ಕಾರ್ಬನ್ ಬೇರೆ, ಆಸಿಡ್ಡಿನಲ್ಲಿ ತೇಲುವ ಪುಡಿ ಬೇರೆ. ಅದು ಪ್ಲೇಟುಗಳ ನಡುವೆ ಸೇರಿದರೆ ಶಾರ್ಟ್ ಆಗಬಹುದು. ಪಾಸಿಟಿವ್ ಪ್ಲೇಟಿನ ಹತ್ತಿರ ಹೋದದ್ದು ಕ್ರಮೇಣ ಉತ್ಕರ್ಷಣಗೊಂಡು ಸವೆಯುತ್ತದೆ. ಈ ಕೆಲಸ ಕಾರ್ಖಾನೆಯಲ್ಲೇ ಆಗಬೇಕು.

4. ಕಾರ್ಬನ್ ಹೆಚ್ಚಿದ್ದರೆ ನೀರಿನ ಮೇಲೆ ಕಣ್ಣಿಡಿ

ಚಾರ್ಜ್ ತುಂಬುತ್ತ ಬಂದಾಗ ನೆಗೆಟಿವ್ ಪ್ಲೇಟಿನಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಸೀಸದ ಮೇಲಿಗಿಂತ ಕಾರ್ಬನ್ ಮೇಲೆ ಅದು ಸಲೀಸು, ಹಾಗಾಗಿ ನೀರು ಬೇಗ ಇಳಿಯಬಹುದು. ಒಳ್ಳೆಯ ತಯಾರಕರು ಕಾರ್ಬನ್ನಿನ ಬಗೆ, ಪ್ರಮಾಣ ಎರಡನ್ನೂ ಆರಿಸಿ ಇದನ್ನು ಹಿಡಿತದಲ್ಲಿಡುತ್ತಾರೆ. ಹೊಸ ಬಗೆಯದು, ತೊಂದರೆಯಿಲ್ಲ ಎಂದು ಒಂದು ಮನೆಗೆ ಹೇಳಿ ಬಂದಿದ್ದೆ. ಬೇಸಗೆಯಲ್ಲಿ ಹೋಗಿ ನೋಡಿದರೆ ಪ್ಲೇಟಿನ ನೆತ್ತಿ ಒಣಗಿತ್ತು. ಮನೆಯವರದು ತಪ್ಪಿಲ್ಲ, ನಾನು ಹೇಳಲೇ ಇಲ್ಲ. ಈಗ ತಿಂಗಳಿಗೊಮ್ಮೆ ಮಟ್ಟ ನೋಡಿ ಎಂದು ಗೋಡೆಯ ಮೇಲೆ ಬರೆದು ಬರುತ್ತೇನೆ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಬೇಡ.

5. ಕಾರ್ಬನ್ ಇದ್ದರೂ ಹೊಟ್ಟೆ ತುಂಬಬೇಕು

ಸಲ್ಫೇಟ್ ಗಟ್ಟಿಯಾಗುವುದನ್ನು ಕಾರ್ಬನ್ ತಡೆಯುವುದಲ್ಲ, ತಡ ಮಾಡುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿಲ್ಲದ ದಿನಗಳಲ್ಲಿ, ಕರೆಂಟು ಬಂದಾಗ ಅದರಿಂದಲೇ ಪೂರ್ತಿ ಚಾರ್ಜ್ ಮಾಡಿಸಿ. ಹೈಡ್ರೋಮೀಟರಿನಲ್ಲಿ ಆರೂ ಸೆಲ್ಲಿನ ಗ್ರಾವಿಟಿ ನೋಡಿ, ಪುಸ್ತಕದಲ್ಲಿ ಬರೆದಿಡಿ. ಒಂದೇ ಸೆಲ್ಲು ಹಿಂದೆ ಬಿದ್ದಿದ್ದರೆ ಅದು ಆಗಲೇ ಗೊತ್ತಾಗುತ್ತದೆ.

6. ಎಲ್ಲರಿಗೂ ಬೇಕಿಲ್ಲ

ಕರೆಂಟು ಅಪರೂಪಕ್ಕೆ ಹೋಗುವ ಪೇಟೆ ಮನೆಯಲ್ಲಿ ಬ್ಯಾಟರಿ ಹೆಚ್ಚು ಹೊತ್ತು ತುಂಬಿಯೇ ಇರುತ್ತದೆ. ಅಲ್ಲಿಗೆ ಸಾಮಾನ್ಯ ಟ್ಯೂಬುಲರ್ ಬ್ಯಾಟರಿ ಸಾಕು, ಹೆಚ್ಚಿನ ದುಡ್ಡು ಕೊಡಬೇಡಿ ಎನ್ನುತ್ತೇನೆ. ಸೋಲಾರ್ ಒಂದನ್ನೇ ನಂಬಿದ ಗೌಳಿವಾಡದ ಮನೆಗೆ, ಕಾಡಂಚಿನ ತೋಟಕ್ಕೆ ಕಾರ್ಬನ್ ಬ್ಯಾಟರಿ ಹೇಳುತ್ತೇನೆ. ಅದಕ್ಕೂ ಮೊದಲು ಏಣಿ ಹತ್ತಿ ಪ್ಯಾನಲ್ ಮೇಲೆ ಯಾವ ಮರದ ನೆರಳು ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ನೋಡುತ್ತೇನೆ.