ಲಾರಿಯ ಎಣ್ಣೆ ಮುಳ್ಳು ಇಳಿದಾಗ

ಕಬ್ಬು ಕಡಿಯುವ ಕಾಲದಲ್ಲಿ ಲಾರಿ ನಿಂತರೆ ಏನಾಗುವುದೆಂದು ರೈತ ಬಾಂಧವರಿಗೆ ಹೇಳಬೇಕಾದುದಿಲ್ಲ. ಕಡಿದ ಕಬ್ಬು ಗದ್ದೆಯ ಬದಿಯಲ್ಲಿ ಒಣಗುತ್ತದೆ, ತೂಕ ಇಳಿಯುತ್ತದೆ, ಕಾರ್ಖಾನೆಯ ಸರದಿ ತಪ್ಪುತ್ತದೆ. ಟಾಟಾ, ಲೈಲೆಂಡ್ ಮೊದಲಾದ ಹಳೆಯ ಡೀಸೆಲ್ ಲಾರಿಗಳನ್ನು ಇನ್ನೂ ಜೋಪಾನದಿಂದ ಇಟ್ಟುಕೊಂಡವರು ಹಳ್ಳಿಗಳಲ್ಲಿದ್ದಾರೆ. ಅಂಥವರಿಗೆ ಉಪಯೋಗವಾಗಲೆಂದು ಈ ಪಾಠವನ್ನು ಬರೆದಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಲಾರಿಯಲ್ಲಿಯೇ ಈ ತೊಂದರೆ ಕಾಣಿಸಿತು. ಬೆಳಿಗ್ಗೆ ಹೊರಡುವಾಗ ಎಣ್ಣೆ ಒತ್ತಡದ ಮುಳ್ಳು ಸರಿಯಾಗಿ ನಿಲ್ಲುತ್ತಿತ್ತು. ಎರಡು ಗಂಟೆ ಓಡಿ ಎಂಜಿನ್ ಕಾದ ಮೇಲೆ, ಗಾಡಿ ನಿಲ್ಲಿಸಿ ನಿಧಾನ ಓಟದಲ್ಲಿ ಬಿಟ್ಟರೆ ಮುಳ್ಳು ಸೊನ್ನೆಯ ಹತ್ತಿರ ಬಂದು ಕೂರುತ್ತಿತ್ತು. ಮೇಸ್ತ್ರಿಯೊಬ್ಬರು ದಪ್ಪ ಎಣ್ಣೆ ಹಾಕಿಸಿರೆಂದರು. ಹಾಕಿಸಿದೆವು. ಮುಳ್ಳು ಮೇಲೆದ್ದಿತು, ನಾವೂ ನೆಮ್ಮದಿಯಿಂದ ಮಲಗಿದೆವು. ಹನ್ನೆರಡನೆಯ ದಿನ ತುಂಬಿದ ಹೇರಿನೊಡನೆ ಏರು ಹತ್ತುವಾಗ ಎಂಜಿನ್ನಿನ ಕೆಳಗಿನಿಂದ ಸುತ್ತಿಗೆ ಬಡಿದಂಥ ಸದ್ದು ಬಂತು. ಒಂದು ಕನೆಕ್ಟಿಂಗ್ ರಾಡಿನ ಬೇರಿಂಗ್ ಕರಗಿ ಕ್ರ್ಯಾಂಕಿಗೆ ಹತ್ತಿಕೊಂಡಿತ್ತು. ಒಂದು ಜೊತೆ ಬೇರಿಂಗಿನಲ್ಲಿ ಮುಗಿಯಬೇಕಾದ ಖರ್ಚು ಕ್ರ್ಯಾಂಕ್ ಗ್ರೈಂಡಿಂಗ್‌ವರೆಗೆ ಹೋಯಿತು. ಹಂಗಾಮಿನ ಮೂರು ವಾರಗಳೂ ಹೋದುವು.

ಒತ್ತಡವನ್ನು ಪಂಪು ಹುಟ್ಟಿಸುತ್ತದೆಂದು ಅನೇಕರು ತಿಳಿದಿದ್ದಾರೆ. ಇದು ಅರ್ಧ ಮಾತ್ರ ನಿಜ. ಪಂಪ್‌ಸೆಟ್ಟಿನ ರಬ್ಬರ್ ಕೊಳವೆಯ ಬಾಯಿಯಿಂದ ನೀರು ಸುಮ್ಮನೆ ಬೀಳುತ್ತಿರುತ್ತದೆ. ಬಾಯಿಗೆ ಹೆಬ್ಬೆರಳಿಟ್ಟು ಅರ್ಧ ಮುಚ್ಚಿದರೆ ಅದೇ ನೀರು ಹತ್ತು ಮಾರು ದೂರ ಚಿಮ್ಮುತ್ತದೆ. ಪಂಪು ಕೊಡುವುದು ಹರಿವನ್ನು; ಒತ್ತಡ ಹುಟ್ಟುವುದು ತಡೆಯಿಂದ. ಎಂಜಿನ್ನಿನಲ್ಲಿ ಆ ಹೆಬ್ಬೆರಳಿನ ಕೆಲಸವನ್ನು ಮಾಡುವುದು ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಕಿರಿದಾದ ಸಂದು.

ಈ ಸಂದು ಎಷ್ಟಿರಬೇಕು? ಕ್ರ್ಯಾಂಕಿನ ದಪ್ಪದ ಸುಮಾರು ಸಾವಿರದಲ್ಲೊಂದು ಪಾಲು ಎಂಬುದು ರೂಢಿಯ ಲೆಕ್ಕ. ೭೦ ಮಿಲಿಮೀಟರ್ ದಪ್ಪದ ಕ್ರ್ಯಾಂಕಿಗೆ ೦.೦೭ ಮಿಲಿಮೀಟರ್, ಅಂದರೆ ಹೆಚ್ಚು ಕಡಿಮೆ ಒಂದು ತಲೆಗೂದಲಿನಷ್ಟು. ಸವೆದು ಈ ಸಂದು ಇಮ್ಮಡಿಯಾದರೆ ಎಣ್ಣೆಯ ಸೋರಿಕೆ ಇಮ್ಮಡಿಯಾಗುವುದಿಲ್ಲ, ಎಂಟು ಮಡಿಯಾಗುತ್ತದೆ. ಕಾಲುವೆಯ ತಲೆಯಲ್ಲಿ ತೂಬು ಒಡೆದರೆ ಕೊನೆಯ ಗದ್ದೆಗೆ ನೀರು ಮುಟ್ಟದಂತೆ, ತುದಿಯಲ್ಲಿರುವ ಭಾಗಗಳಿಗೆ ಎಣ್ಣೆ ಸಾಲದೆ ಹೋಗುತ್ತದೆ. ಮೇಲಿನ ರಾಕರ್‌ಗಳು ಟಕಟಕ ಎನ್ನತೊಡಗುವುದು ಇದರಿಂದಲೇ.

ಮುಳ್ಳು ಇಳಿದೊಡನೆ ಮಾಡತಕ್ಕ ಮೊದಲ ಕೆಲಸ ಎಂಜಿನ್ ನಿಲ್ಲಿಸುವುದು. ಮನೆ ಇನ್ನೊಂದು ಮೈಲಿ ಅಷ್ಟೇ ಎಂದು ಓಡಿಸಕೂಡದು. ಗಾಡಿಯನ್ನು ಸಮನೆಲದಲ್ಲಿ ಹತ್ತು ನಿಮಿಷ ಬಿಟ್ಟು ಎಣ್ಣೆಯ ಕಡ್ಡಿಯನ್ನು ತೆಗೆದು ನೋಡಿರಿ. ಮಟ್ಟ ಕಡಿಮೆಯಿದ್ದರೆ ಕಾರಣ ಅಲ್ಲಿಯೇ ಸಿಕ್ಕಿತು. ಮಟ್ಟ ತಾನಾಗಿ ಏರಿದ್ದರೆ ಅದು ಇನ್ನೂ ಕೆಟ್ಟ ಚಿಹ್ನೆ. ಎಣ್ಣೆಗೆ ಡೀಸೆಲ್ ಇಲ್ಲವೆ ನೀರು ಸೇರಿದೆ. ಡೀಸೆಲ್ ಎಂಜಿನ್ನಿನ ಎಣ್ಣೆ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜವಾದ್ದರಿಂದ ಕಪ್ಪು ಬಣ್ಣ ನೋಡಿ ಏನನ್ನೂ ತೀರ್ಮಾನಿಸಬೇಡಿ. ಮೂಸಿ ನೋಡಿರಿ, ಬೆರಳುಗಳ ನಡುವೆ ಉಜ್ಜಿ ನೋಡಿರಿ. ಡೀಸೆಲ್ ಸೇರಿದ ಎಣ್ಣೆಗೆ ವಾಸನೆಯಿರುತ್ತದೆ, ಜಿಗುಟು ಇರುವುದಿಲ್ಲ. ಹಾಲು ಬೆರೆಸಿದ ಚಹದ ಬಣ್ಣ ಬಂದಿದ್ದರೆ ನೀರು ಸೇರಿದೆಯೆಂದು ತಿಳಿಯಿರಿ. ಇಂಥಲ್ಲಿ ಎಣ್ಣೆ ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಇಂಜೆಕ್ಟರ್ ತೊಟ್ಟಿಕ್ಕುತ್ತಿದೆಯೇ, ಡೀಸೆಲ್ ಪಂಪು ಒಳಗೆ ಸೋರುತ್ತಿದೆಯೇ, ಹೆಡ್ ಗ್ಯಾಸ್ಕೆಟ್ ಹೋಗಿದೆಯೇ ಎಂದು ಹುಡುಕಲೇಬೇಕು.

ಎಣ್ಣೆ ಸರಿಯಾಗಿದ್ದರೆ ಮುಂದೆ ಗೇಜನ್ನು ಸಂಶಯಿಸಿರಿ. ತಂತಿಯ ಗೇಜುಗಳು ಸುಳ್ಳು ಹೇಳುವುದುಂಟು. ಬ್ಲಾಕಿಗೆ ತಿರುಗಿಸಿದ ಸೆಂಡರನ್ನು ಬಿಚ್ಚಿ, ಅದೇ ತೂತಿಗೆ ನಳಿಕೆಯ ಗೇಜನ್ನು ಕೂರಿಸಿ ಅಳೆಯಿಸಿರಿ. ಒಳ್ಳೆಯ ಗ್ಯಾರೇಜಿನಲ್ಲಿ ಈ ಗೇಜು ಇರುತ್ತದೆ; ಇಲ್ಲದ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸದಿರುವುದೇ ಮೇಲು. ಅಳೆಯುವ ಮೊದಲು ಅರ್ಧ ಗಂಟೆ ಓಡಿಸಿ ಎಂಜಿನ್ನನ್ನು ಕಾಯಿಸಬೇಕು, ಸದ್ದು ಬರುತ್ತಿದ್ದರೆ ಮಾತ್ರ ಓಡಿಸಬಾರದು. ತಣ್ಣಗಿರುವಾಗ ಎಣ್ಣೆ ದಪ್ಪವಾಗಿರುವುದರಿಂದ ಎಂಥ ಸವೆದ ಎಂಜಿನ್ನೂ ಒಳ್ಳೆಯ ಒತ್ತಡವನ್ನೇ ತೋರಿಸುತ್ತದೆ. ನಿಮಿಷಕ್ಕೆ ಪ್ರತಿ ಸಾವಿರ ಸುತ್ತಿಗೆ ಚದರ ಅಂಗುಲಕ್ಕೆ ಸುಮಾರು ೧೦ ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ೦.೭ ಕಿಲೋ ಇರಬೇಕೆಂಬುದು ಸ್ಥೂಲವಾದ ಲೆಕ್ಕ. ನಿಮ್ಮ ಲಾರಿಯ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಸರಿ.

ಮುಳ್ಳು ಹೇಗೆ ಇಳಿಯುತ್ತದೆಂಬುದರಲ್ಲಿಯೇ ರೋಗದ ಸುಳಿವಿದೆ. ವೇಗದಲ್ಲಿ ಸರಿಯಿದ್ದು, ಕಾದ ಮೇಲೆ ನಿಧಾನ ಓಟದಲ್ಲಿ ಮಾತ್ರ ಇಳಿದರೆ ಬೇರಿಂಗ್ ಸವೆದಿದೆ ಅಥವಾ ಎಣ್ಣೆ ತೆಳುವಾಗಿದೆ. ಎರಡರಲ್ಲಿಯೂ ತೀರ ಕಡಿಮೆಯಿದ್ದರೆ ಪಂಪನ್ನೂ ರಿಲೀಫ್ ವಾಲ್ವನ್ನೂ ನೋಡಬೇಕು. ವೇಗ ಹೆಚ್ಚಿಸಿದಂತೆ ಏರದೆ ಬದಲಾಗಿ ಬಿದ್ದರೆ, ಚೇಂಬರಿನೊಳಗಿನ ಹೀರು ಜಾಲರಿಗೆ ಮಡ್ಡಿ ಕಟ್ಟಿರಬಹುದು. ತಿರುವಿನಲ್ಲಿ, ಏರಿನಲ್ಲಿ ಮುಳ್ಳು ಕುಣಿದರೆ ಪಂಪು ಗಾಳಿ ಹೀರುತ್ತಿದೆ. ಎಣ್ಣೆ ಕಡಿಮೆ, ಇಲ್ಲವೆ ಹೀರು ನಳಿಕೆ ಸಡಿಲ.

ರಿಲೀಫ್ ವಾಲ್ವಿನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಮೋಸ ನಡೆಯುವುದು ಇಲ್ಲಿ. ಒತ್ತಡ ಅತಿಯಾದಾಗ ತೆರೆದು ಎಣ್ಣೆಯನ್ನು ಚೇಂಬರಿಗೆ ಹಿಂದಿರುಗಿಸುವುದು ಇದರ ಕೆಲಸ. ಕಸ ಸಿಕ್ಕಿ ತೆರೆದೇ ಉಳಿದರೆ ಒತ್ತಡ ನಿಲ್ಲುವುದಿಲ್ಲ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸ್ಪ್ರಿಂಗ್ ಮುರಿದಿದೆಯೇ, ಒಳಗಿನ ಗುಂಡು ಸರಿಯಾಗಿ ಕೂರುತ್ತದೆಯೇ ಎಂದು ನೋಡುವುದು ಅರ್ಧ ದಿನದ ಕೆಲಸ. ಆದರೆ ಕೆಲವರು ಸ್ಪ್ರಿಂಗಿನ ಹಿಂದೆ ಒಂದೆರಡು ವಾಷರ್ ತುರುಕಿ ಸರಿಮಾಡಿದೆವೆನ್ನುತ್ತಾರೆ. ಎಂಜಿನ್ ಕಾದು ನಿಧಾನ ಓಟದಲ್ಲಿರುವಾಗ, ಸರಿಯಾಗಿರುವ ವಾಲ್ವು ಮೊದಲೇ ಮುಚ್ಚಿರುತ್ತದೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿದರೆ ಮನೆಯ ಹಿಂಗೋಡೆಯ ಕನ್ನ ಮುಚ್ಚುತ್ತದೆಯೇ?

ದಪ್ಪ ಎಣ್ಣೆಯೂ ಬಹುಮಟ್ಟಿಗೆ ಇಂಥದೇ. ಮುಳ್ಳು ಏರುವುದು ನಿಜ. ಸವೆತ ಅಲ್ಲಿಯೇ ಇರುತ್ತದೆ. ಚಳಿಗಾಲದ ಬೆಳಗಿನಲ್ಲಿ ಅಂಥ ಎಣ್ಣೆ ಮೇಲಿನ ಭಾಗಗಳಿಗೆ ತಡವಾಗಿ ಮುಟ್ಟುತ್ತದೆ. ಆದರೂ ಹಂಗಾಮಿನ ನಡುವೆ ಲಾರಿ ನಿಲ್ಲಿಸಿರೆಂದು ಸುಲಭವಾಗಿ ಹೇಳಲಾರೆ. ಯಾವ ಸದ್ದೂ ಇಲ್ಲದೆ, ಓಟದಲ್ಲಿ ಒತ್ತಡ ಸರಿಯಿದ್ದು, ನಿಧಾನದಲ್ಲಿ ಮಾತ್ರ ಸ್ವಲ್ಪ ಇಳಿಯುತ್ತಿದ್ದರೆ, ಹೇರು ಕಡಿಮೆ ಮಾಡಿ ದಿನವೂ ಮುಳ್ಳು ನೋಡುತ್ತ ಹಂಗಾಮು ಮುಗಿಸಬಹುದು. ಕೆಳಗಿನಿಂದ ಬಡಿತ ಕೇಳಿಸಿದರೆ ಮಾತ್ರ ಒಂದು ಸುತ್ತೂ ತಿರುಗಿಸಬೇಡಿ.

ಚೇಂಬರ್ ಇಳಿಸಿದಾಗ ಮನೆಯವರೊಬ್ಬರು ಅಲ್ಲಿರುವುದು ಒಳ್ಳೆಯದು. ತಳದ ಮಡ್ಡಿಯಲ್ಲಿ ಅಯಸ್ಕಾಂತ ಆಡಿಸಿ ಕಬ್ಬಿಣದ ಚೂರುಗಳಿವೆಯೇ ನೋಡಿರಿ. ಬೇರಿಂಗಿನ ಬಟ್ಟಲುಗಳನ್ನು ಬೆಳಕಿಗೆ ಹಿಡಿಯಿರಿ. ಬೂದು ಬಣ್ಣದ ಮೇಲ್ಪದರ ಸವೆದು ತಾಮ್ರದ ಬಣ್ಣ ಇಣುಕುತ್ತಿದ್ದರೆ ಬದಲಾಯಿಸುವ ಕಾಲ ಬಂದಿದೆ. ಬೇರಿಂಗ್ ತರುವ ಮೊದಲು ಕ್ರ್ಯಾಂಕನ್ನು ಮೈಕ್ರೋಮೀಟರಿನಿಂದ ಎರಡು ದಿಕ್ಕಿನಲ್ಲಿ ಅಳೆಯಿಸಿರಿ. ಅಂಡಾಕಾರವಾಗಿದ್ದರೆ ಹೊಸ ಬೇರಿಂಗೂ ಬಾಳುವುದಿಲ್ಲ. ಗ್ರೈಂಡ್ ಮಾಡಿಸಿ, ಅದಕ್ಕೆ ತಕ್ಕ ಅಂಡರ್ ಸೈಜ್ ಬೇರಿಂಗನ್ನೇ ಹಾಕಿಸಬೇಕು. ಕ್ಯಾಪುಗಳು ಅದಲು ಬದಲಾಗದಂತೆ ಗುರುತು ಹಾಕಿಸಿರಿ. ಚೇಂಬರ್ ಇಳಿದಿರುವಾಗಲೇ ಪಂಪಿನ ಗೇರುಗಳನ್ನೂ ಮುಚ್ಚಳವನ್ನೂ ನೋಡಿಬಿಟ್ಟರೆ ಮತ್ತೆ ಇಳಿಸುವ ಕೂಲಿ ಉಳಿಯುತ್ತದೆ.

ಜೋಡಿಸುವಾಗ ಪಂಪಿನೊಳಗೆ ಎಣ್ಣೆ ತುಂಬಿ ಕೂರಿಸತಕ್ಕದ್ದು. ಒಣ ಪಂಪು ಮೊದಲ ಸುತ್ತುಗಳಲ್ಲಿ ಎಣ್ಣೆ ಎಳೆಯದೆ ಹೊಸ ಬೇರಿಂಗನ್ನು ಅಲ್ಲಿಯೇ ಕೆಡಿಸಬಹುದು. ಡೀಸೆಲ್ ನಿಲ್ಲಿಸುವ ಗುಂಡಿಯನ್ನು ಎಳೆದು ಹಿಡಿದು, ಮುಳ್ಳು ಅಲುಗುವವರೆಗೆ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿರಿ. ನಡುನಡುವೆ ಸ್ಟಾರ್ಟರಿಗೆ ಬಿಡುವು ಕೊಡಿರಿ. ಅನಂತರ ಚಾಲೂ ಮಾಡಿರಿ. ಎಂಜಿನ್ ಕಾದ ಮೇಲೆ ನಿಧಾನ ಓಟದಲ್ಲಿಯೂ ವೇಗದಲ್ಲಿಯೂ ಮುಳ್ಳು ಎಲ್ಲಿ ನಿಂತಿತೆಂಬುದನ್ನು ತಾರೀಖಿನೊಡನೆ ಕ್ಯಾಬಿನ್ನಿನ ಬಾಗಿಲ ಒಳಗಡೆ ಬಣ್ಣದಲ್ಲಿ ಬರೆಯಿಸಿರಿ. ಡ್ರೈವರ್ ಬದಲಾದರೂ ಹೊಸಬನ ಕಣ್ಣಿಗೆ ಅದು ಬೀಳುತ್ತದೆ.