ಬಿರುಕು ಬಿಟ್ಟ ಬ್ಯಾಟನ್ನು ಮನೆಯಲ್ಲೇ ಸರಿಮಾಡೋಣ



ಈ ಪಾಠ ಓದುವಾಗ ಒಂದು ಹಳೆಯ ಬ್ಯಾಟು ಹತ್ತಿರ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಓಣಿಯ ಹುಡುಗರ ಕಡೆ ಇದ್ದೇ ಇರತದ. ಒಂದು ತಾಸಿಗೆ ಕೇಳಿ ತನ್ನಿ.

ನಮ್ಮ ಅಕ್ಕಲಕೋಟ ಭಾಗದ ಹಳ್ಳಿಗಳಲ್ಲಿ ಜೋಳದ ರಾಶಿ ಮುಗಿದು ಹೊಲ ಬಯಲಾದರೆ ಸಾಕು, ಕ್ರಿಕೆಟ್ ಶುರು. ಅಂಥ ದಿನಗಳಲ್ಲಿ ರಾತ್ರಿ ತರಗತಿಗೆ ಒಬ್ಬ ಅಕ್ಕ ಪಾಟಿಯ ಜೊತೆ ಮಗನ ಬ್ಯಾಟನ್ನೂ ತಂದರು.

"ಟೀಚರ್, ಇದು ಸೀಳೇದ ನೋಡ್ರಿ. ಹುಡುಗ ಎರಡು ದಿನದಿಂದ ಸರಿಯಾಗಿ ಉಣವಲ್ಲ. ಹೊಸಾದು ತರ್ಲಾಕ ಕೂಲಿ ರೊಕ್ಕ ಎಲ್ಲಿ ಸಾಲ್ತದ? ಒಂದು ಮೊಳಿ ಹೊಡದು ಕೊಡ್ಲ್ಯಾ?"

"ಮೊಳಿ ಮಾತ್ರ ಬ್ಯಾಡ ಅಕ್ಕಾ" ಅಂದೆ.

ಯಾಕೆ ಅಂದೆ ಗೊತ್ತೇ? ಸಣ್ಣವಳಿದ್ದಾಗ ನಾನು ನಮ್ಮ ಅಣ್ಣನ ಬ್ಯಾಟಿಗೆ ಮೊಳೆ ಹೊಡೆದಿದ್ದೆ. ಕೂದಲೆಳೆಯಷ್ಟಿದ್ದ ಬಿರುಕು ಬೆರಳು ಹೋಗುವಷ್ಟು ಅಗಲವಾಯಿತು. ಅಣ್ಣ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. ಬ್ಯಾಟಿನ ಮರ ಮೆತ್ತಗಿನದು. ಮೊಳೆ ಅದನ್ನು ಕೂಡಿಸುವುದಿಲ್ಲ, ಸೀಳುತ್ತದೆ. ಮೊಳೆ ಹೊರಗೆ ಬಂದರೆ ಆಡುವವರ ಕೈಗೂ ಗಾಯ.

ಬ್ಯಾಟಿನ ಭಾಗಗಳು

ಹಿಡಿಕೆ: ಕೈಯಲ್ಲಿ ಹಿಡಿಯುವ ಭಾಗ. ಇದನ್ನು ಬೆತ್ತದಿಂದ ಮಾಡುತ್ತಾರೆ. ಬೆತ್ತ ಸ್ವಲ್ಪ ಬಾಗುತ್ತದೆ. ಚೆಂಡಿನ ಪೆಟ್ಟು ಕೈಗೆ ಜೋರಾಗಿ ತಾಕದಂತೆ ತಡೆಯುತ್ತದೆ.

ಹಲಗೆ: ಚೆಂಡು ಹೊಡೆಯುವ ಅಗಲ ಭಾಗ. ಇದು ವಿಲ್ಲೋ ಎಂಬ ಹಗುರ ಮರದ್ದು. ನಮ್ಮ ದೇಶದಲ್ಲಿ ಈ ಮರ ಕಾಶ್ಮೀರದಲ್ಲಿ ಬೆಳೆಯುತ್ತದೆ.

ಜೋಡು: ಹಿಡಿಕೆ ಹಲಗೆಯೊಳಗೆ ಇಳಿದು ಕೂಡುವ ಜಾಗ.

ತುದಿ: ನೆಲಕ್ಕೆ ತಾಗುವ ಕೆಳಭಾಗ. ಹಸಿ ನೆಲದ ನೀರು ಇಲ್ಲಿಂದಲೇ ಒಳಗೆ ಏರುತ್ತದೆ. ಮರ ಉಬ್ಬಿ ಸೀಳುತ್ತದೆ.

ಆಟದ ನಿಯಮದಂತೆ ಬ್ಯಾಟಿನ ಉದ್ದ 38 ಇಂಚು, ಹಲಗೆಯ ಅಗಲ 4.25 ಇಂಚು ಮೀರಬಾರದು. ಟೇಪು ಹಿಡಿದು ನಿಮ್ಮ ಮುಂದಿನ ಬ್ಯಾಟನ್ನು ಅಳೆದು ಬರೆಯಿರಿ.

ಮೊದಲು ಪರೀಕ್ಷೆ ಮಾಡಿ

ಬ್ಯಾಟನ್ನು ಬೆಳಕಿಗೆ ಹಿಡಿಯಿರಿ. ಹಲಗೆಯ ಮೇಲೆ ಉದ್ದಕ್ಕೆ ಸಾಲುಗೆರೆ ಕಾಣುತ್ತವೆ. ಇವು ಮರದ ಎಳೆಗಳು.

ಬಿರುಕು ಎಳೆಯ ಉದ್ದಕ್ಕೆ ಇದ್ದು, ಸಣ್ಣದಾಗಿದ್ದರೆ ಮನೆಯಲ್ಲೇ ಸರಿಮಾಡಬಹುದು. ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿದ್ದರೂ ಆಗುತ್ತದೆ.

ಬಿರುಕು ಎಳೆಗೆ ಅಡ್ಡ ಹಾಯ್ದು ಹಲಗೆ ತುಂಡಾಗುವಂತಿದ್ದರೆ ಆ ಬ್ಯಾಟಿನ ಆಟ ಮುಗಿಯಿತು.

ಈಗ ಹಿಡಿಕೆ ಹಿಡಿದು ಮೆಲ್ಲಗೆ ಅಲುಗಾಡಿಸಿ. ಕಟ ಕಟ ಸಪ್ಪಳ ಬಂದರೆ, ಜೋಡು ಸಡಿಲಾಗಿದ್ದರೆ, ಅಥವಾ ಹಿಡಿಕೆಯೇ ಸೀಳಿದ್ದರೆ ಮನೆಯ ಅಂಟು ಸಾಲದು. ಬ್ಯಾಟು ರಿಪೇರಿ ಮಾಡುವವರೇ ಬೇಕು. ಅಲ್ಲಿಯತನಕ ಅದರಿಂದ ಆಡಬಾರದು. ಜೋರಾಗಿ ಬೀಸಿದಾಗ ಹಲಗೆ ಕಿತ್ತು ಹಾರಿ ಯಾರದಾದರೂ ಮುಖಕ್ಕೆ ಬಡಿಯಬಹುದು. ಬ್ಯಾಟು ಹೋದರೆ ಇನ್ನೊಂದು ಬರತದ, ಕಣ್ಣು ಬರೂದಿಲ್ಲ.

ಬೇಕಾಗುವ ಸಾಮಾನು

ಮರಕ್ಕೆ ಹಚ್ಚುವ ಬಿಳಿ ಅಂಟು, ಸಣ್ಣ ಡಬ್ಬಿ. ಪಾಲಿಶ್ ಪೇಪರ್. ಹಳೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಉದ್ದ ಪಟ್ಟಿ. ಪ್ಲಾಸ್ಟಿಕ್ ಹಾಳೆಯ ತುಂಡು. ಉರಿದು ಉಳಿದ ಊದುಬತ್ತಿ ಕಡ್ಡಿ. ಹಳೆ ಬಟ್ಟೆ. ಸ್ವಲ್ಪ ಅಗಸೆ ಎಣ್ಣೆ.

ಮಾಡುವ ಕ್ರಮ

1. ಬಿರುಕಿನ ಧೂಳು, ಮಣ್ಣು ತೆಗೆಯಿರಿ. ಹಸಿ ಇದ್ದರೆ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ. ಬಿಸಿಗೆ ಮರ ಇನ್ನಷ್ಟು ಸೀಳುತ್ತದೆ.

2. ಬಿರುಕಿನ ಮೇಲೆ ಅಂಟು ಹಾಕಿ. ಕಡ್ಡಿಯಿಂದ ಒಳಗೆ ತಳ್ಳಿ. ಮೇಲೆ ಮಾತ್ರ ಸವರಿದರೆ ಪ್ರಯೋಜನವಿಲ್ಲ, ಅಂಟು ಬಿರುಕಿನ ತಳ ಮುಟ್ಟಬೇಕು.

3. ಎರಡೂ ಕಡೆಯಿಂದ ಒತ್ತಿ ಬಿರುಕು ಮುಚ್ಚಿ. ಹೊರಗೆ ಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ.

4. ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಇಲ್ಲದಿದ್ದರೆ ಟ್ಯೂಬು ಬ್ಯಾಟಿಗೆ ಅಂಟಿಕೊಂಡೀತು. ಅದರ ಮೇಲೆ ಟ್ಯೂಬಿನ ಪಟ್ಟಿಯನ್ನು ಜಗ್ಗಿ ಜಗ್ಗಿ ಬಿಗಿಯಾಗಿ ಸುತ್ತಿ ಕಟ್ಟಿ.

5. 24 ತಾಸು ಮುಟ್ಟಬೇಡಿ. ಒಂದು ಚೀಟಿಯಲ್ಲಿ ತಾರೀಖು, ವೇಳೆ ಬರೆದು ಬ್ಯಾಟಿಗೆ ಸಿಕ್ಕಿಸಿ.

6. ಮರುದಿನ ಪಟ್ಟಿ ಬಿಚ್ಚಿ. ಪಾಲಿಶ್ ಪೇಪರಿನಿಂದ ಎಳೆಯ ಉದ್ದಕ್ಕೆ ಮೆಲ್ಲಗೆ ಉಜ್ಜಿ ನುಣುಪು ಮಾಡಿ. ಅಡ್ಡ ಉಜ್ಜಬೇಡಿ.

ಇನ್ನು ಎಣ್ಣೆ

ಅಗಸಿ ಹಿಂಡಿ ನಮ್ಮ ಊಟದಾಗ ಇದ್ದದ್ದೇ. ಆ ಅಗಸೆಯ ಎಣ್ಣೆಯೇ ಬ್ಯಾಟಿಗೂ ಬೇಕು. ಅದು ಮರ ಒಣಗಿ ಪೆಡಸಾಗದಂತೆ ಕಾಯುತ್ತದೆ. ಆದರೆ ಅಂಟು ಪೂರ್ತಿ ಒಣಗಿದ ಮೇಲೆಯೇ ಹಚ್ಚಬೇಕು. ಮೊದಲೇ ಎಣ್ಣೆ ಹಚ್ಚಿದರೆ ಅಂಟು ಹಿಡಿಯುವುದಿಲ್ಲ.

ಒಂದು ಸಣ್ಣ ಚಮಚ ಎಣ್ಣೆ ಸಾಕು. ಬಟ್ಟೆಯಲ್ಲಿ ಅದ್ದಿ ಹಲಗೆಯ ಮುಖಕ್ಕೆ, ಅಂಚಿಗೆ ತೆಳ್ಳಗೆ ಸವರಿ. ಜೋಡಿಗೆ, ಹಿಡಿಕೆಗೆ ಹಚ್ಚಬೇಡಿ. ಅಲ್ಲಿಯ ಅಂಟು ಸಡಿಲಾದೀತು. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಅಲ್ಲಿ ಎಣ್ಣೆ ಬೇಡ, ಅದು ಒಳಗೆ ಇಳಿಯುವುದಿಲ್ಲ. ಬ್ಯಾಟನ್ನು ಅಡ್ಡ ಮಲಗಿಸಿ ಒಂದು ದಿನ ಬಿಡಿ. ಹೆಚ್ಚು ಎಣ್ಣೆ ಕುಡಿದರೆ ಬ್ಯಾಟು ಭಾರವಾಗುತ್ತದೆ.

ಎಚ್ಚರಿಕೆ! ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ನೀರಿನಲ್ಲಿ ನೆನೆಸಿಡಿ. ಇಲ್ಲವೇ ಮನೆಯ ಹೊರಗೆ ಬಿಡಿಸಿ ಹರಡಿ ಒಣಗಿಸಿ. ಇದನ್ನು ಮಕ್ಕಳಿಗೂ ಹೇಳಿ.

ಸರಿಮಾಡಿದ ಬ್ಯಾಟಿನಿಂದ ಮೊದಲ ದಿನ ಹಳೆ ಮೆತ್ತಗಿನ ಚೆಂಡನ್ನು ಹಗುರಾಗಿ ತಟ್ಟಿ ನೋಡಿ. ಬಿರುಕು ಮತ್ತೆ ಬಾಯಿ ತೆರೆಯದಿದ್ದರೆ ಆಡಲು ಕೊಡಿ.

ಅಕ್ಕನ ಮನೆಯಲ್ಲಿ ಏನಾಯಿತು?

ಅಕ್ಕ ರವಿವಾರ ಮುಂಜಾನೆ ಅಂಟು ಹಚ್ಚಿ ಕಟ್ಟಿಟ್ಟರು. ಅಂದೇ ಸಂಜೆ ಪಕ್ಕದೂರಿನ ಹುಡುಗರ ಜೊತೆ ಮ್ಯಾಚು. ಮಗ ಬಂದು, "ಅವ್ವಾ, ಒಣಗೇದ. ಕೊಡು" ಅಂದ.

ಅಕ್ಕ ಡಬ್ಬಿ ತಂದು ಬೆರಳಿಟ್ಟು ತೋರಿಸಿದರು. "ಇಲ್ಲಿ ನೋಡು, 24 ಅಂತ ಬರದಾರ. ಮುಂದಿನ ಇಂಗ್ಲಿಷ್ ಅಕ್ಷರ ನನಗ ಬರೂದಿಲ್ಲ. ನೀ ಓದು."

ಹುಡುಗ ಓದಿದ. 24 ತಾಸು ಅಂತಲೇ ಇತ್ತು. ಅವನು ಡಬ್ಬಿ ನೋಡಲಿಲ್ಲ, ತಾಯಿಯ ಮುಖ ನೋಡಿದ. "ಅವ್ವಾ, ನಿನಗ ಅಂಕಿ ಓದಾಕ ಬರ್ತಾವೇನ?"

ಆ ಸಂಜೆ ಅವನು ಬೇರೆಯವರ ಬ್ಯಾಟಿನಿಂದ ಆಡಿದ. ಸೋತು ಬಂದ. ಆದರೆ ಸೋಮವಾರ ಪಟ್ಟಿ ಬಿಚ್ಚಿದಾಗ ಬಿರುಕು ಗಟ್ಟಿಯಾಗಿ ಕೂಡಿತ್ತು. ಅಂದು ರಾತ್ರಿ ಅಕ್ಕನ ಪಾಟಿ ಹಿಡಿದುಕೊಂಡು ಮಗನೂ ತರಗತಿಯ ಬಾಗಿಲತನಕ ಬಂದಿದ್ದ.

ಬಂಧುಗಳೇ, ಡಬ್ಬಿಯ ಮೇಲಿನದನ್ನೆಲ್ಲ ಓದಲು ಇವತ್ತೇ ಬಾರದಿರಬಹುದು. ಬಂದಷ್ಟು ನೀವು ಓದಿ, ಉಳಿದದ್ದನ್ನು ಮಕ್ಕಳಿಂದ ಓದಿಸಿ. ಅಂಟಿನ ಡಬ್ಬಿಗೆ ಈ ಮಾತು ಎಷ್ಟು ನಿಜವೋ, ಔಷಧದ ಬಾಟಲಿಗೂ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗೂ ಅಷ್ಟೇ ನಿಜ.

ಅಭ್ಯಾಸ

1. ಈ ಶಬ್ದಗಳನ್ನು ಓದಿ, ಬರೆಯಿರಿ: ಬಿರುಕು, ಹಿಡಿಕೆ, ಹಲಗೆ, ಅಂಟು, ಅಗಸೆ, ಎಚ್ಚರಿಕೆ.

2. ಬ್ಯಾಟಿಗೆ ಮೊಳೆ ಯಾಕೆ ಹೊಡೆಯಬಾರದು? ಒಂದು ವಾಕ್ಯ ಬರೆಯಿರಿ.

3. ಬುಧವಾರ ಮುಂಜಾನೆ 10 ಗಂಟೆಗೆ ಅಂಟು ಹಚ್ಚಿದರೆ, 24 ತಾಸು ಮುಗಿಯುವುದು ಯಾವಾಗ? ವಾರ, ವೇಳೆ ಎರಡನ್ನೂ ಬರೆಯಿರಿ.

4. ಎಣ್ಣೆ ಹಚ್ಚಿದ ಬಟ್ಟೆಯನ್ನು ಏನು ಮಾಡಬೇಕು? ಮನೆಯವರಿಗೆ ಓದಿ ಹೇಳಿ.

5. ನಿಮ್ಮ ಮನೆಯಲ್ಲಿರುವ ಒಂದು ಡಬ್ಬಿ ಅಥವಾ ಬಾಟಲಿ ತನ್ನಿ. ಅದರ ಮೇಲೆ ನೀವು ಓದಬಲ್ಲ ಅಂಕಿಗಳನ್ನೆಲ್ಲ ಪಾಟಿಯ ಮೇಲೆ ಬರೆಯಿರಿ.