ಬೊಜ್ಜು ಮತ್ತು ದಿನನಿತ್ಯದ ಬದುಕು: ಕಿರಿಯರಿಗೊಂದು ಪತ್ರ



ಬೊಜ್ಜೆಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತಗಳೇ ಎಲ್ಲರಿಗೂ ನೆನಪಾಗುತ್ತವೆ. ಅವು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಬೊಜ್ಜು ದಿನದ ಸಣ್ಣಪುಟ್ಟ ಕೆಲಸಗಳನ್ನು ಕಷ್ಟವಾಗಿಸಿರುತ್ತದೆ. ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಏಳಲು ಗೋಡೆಯ ಆಸರೆ ಬೇಕು. ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ತಗ್ಗುತ್ತದೆ; ಐದಾರು ಕಿಲೋ ಇಳಿಸಿದವರಿಗೂ ನಡಿಗೆ ಹಗುರಾಗುವುದು ಇದರಿಂದಲೇ.

ಹೆಚ್ಚು ಹಾಳಾಗುವುದು ನಿದ್ದೆ, ಕಡಿಮೆ ಗಮನಕ್ಕೆ ಬರುವುದೂ ಅದೇ. ಕುತ್ತಿಗೆಯ ಸುತ್ತ, ನಾಲಿಗೆಯ ಬುಡದಲ್ಲಿ ಕೊಬ್ಬು ತುಂಬಿದಾಗ, ಮಲಗಿದ ಮೇಲೆ ಸಡಿಲವಾಗುವ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಗೊರಕೆ ಏರಿ, ಉಸಿರು ಕ್ಷಣಕಾಲ ನಿಂತು, ಮಿದುಳು ಅರೆಬರೆ ಎಚ್ಚೆತ್ತ ಮೇಲೆ ಮತ್ತೆ ಉಸಿರಾಟ ಶುರು. ರಾತ್ರಿಯಿಡೀ ಹೀಗೇ ನಡೆದರೆ, ಎಂಟು ಗಂಟೆ ಮಲಗಿದವರಿಗೂ ಬೆಳಿಗ್ಗೆ ತಲೆಭಾರ, ಹಗಲೆಲ್ಲ ತೂಕಡಿಕೆ, ಸಿಡುಕು. ಗಾಡಿ ಓಡಿಸುವವರಿಗಂತೂ ಇದು ಪ್ರಾಣಾಪಾಯ. ಜೋರು ಗೊರಕೆ ಗಾಢ ನಿದ್ದೆಯ ಗುರುತೆಂಬ ನಂಬಿಕೆ ಮನೆಮನೆಯಲ್ಲಿದೆ. ಆ ನಂಬಿಕೆ ತಪ್ಪು, ವೈದ್ಯರಿಗೆ ತೋರಿಸಲೇಬೇಕು.

ದೇಹದ ಕಷ್ಟಕ್ಕಿಂತ ಜನರ ಬಾಯಿ ಕೆಟ್ಟದ್ದು. ‘ಡುಮ್ಮಿ’, ‘ಡುಮ್ಮಣ್ಣ’ ಎಂದು ಬಂಧುಗಳು ಪ್ರೀತಿಯಿಂದ ಕರೆದರೂ ಅದು ನಾಟುತ್ತದೆ. ನಾಚಿಕೆಗೆ ಬಿದ್ದವರು ಮದುವೆ, ಮುಂಜಿ, ಮೈದಾನ, ಕೊನೆಗೆ ಆಸ್ಪತ್ರೆಯನ್ನೂ ತಪ್ಪಿಸುತ್ತಾರೆ. ಬೇಸರಕ್ಕೆ ಇನ್ನಷ್ಟು ತಿನ್ನುವವರೂ ಉಂಟು. ಇಳಿಸಲು ಹೊರಟರೂ ಸುಲಭವಲ್ಲ; ತೂಕ ಇಳಿಯತೊಡಗಿದಾಗ ಹಸಿವು ಹೆಚ್ಚಿಸುವ ಹಾರ್ಮೋನನ್ನು ದೇಹ ತಾನೇ ಏರಿಸುತ್ತದೆ. ಆದ್ದರಿಂದ ಬೊಜ್ಜನ್ನು ಸೋಮಾರಿತನವೆಂದು ಹೀಗಳೆಯುವುದು ಅನ್ಯಾಯ.

ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಒಳಗೆ, ಸುತ್ತ ಸೇರುವುದೇ ಹೆಚ್ಚು. ಹೀಗಾಗಿ ಬೇರೆಡೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 30 ಮುಟ್ಟಿದರೆ ಬೊಜ್ಜೆಂದರೆ, ಇಲ್ಲಿನ ವೈದ್ಯರು 25ಕ್ಕೇ ಹಾಗೆನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು.

ತೆಳ್ಳಗಾಗುವುದು ಗುರಿಯಾಗಬೇಕಿಲ್ಲ. ತೂಕದ ನೂರಕ್ಕೆ 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ, ನಿದ್ದೆ ಸುಧಾರಿಸುತ್ತವೆ. ತಟ್ಟೆಯಲ್ಲಿ ಅನ್ನ ತಗ್ಗಿ ಪಲ್ಯ, ಕಾಳು ಹೆಚ್ಚಬೇಕು, ಸಂಜೆಯ ಬಜ್ಜಿ, ಬಿಸ್ಕತ್ತು ಅಪರೂಪವಾಗಬೇಕು, ನಡಿಗೆ ನಿತ್ಯದ್ದಾಗಬೇಕು. ಇಷ್ಟಕ್ಕೂ ಇಳಿಯದವರಿಗೆ ಔಷಧಿ, ಶಸ್ತ್ರಚಿಕಿತ್ಸೆಗಳಿವೆ. ಔಷಧಿ ಬಿಟ್ಟರೆ ತೂಕ ಮರಳುವುದೇ ಹೆಚ್ಚು. ರಕ್ತದೊತ್ತಡದ ಮಾತ್ರೆಯಂತೆ ಅದನ್ನೂ ವೈದ್ಯರ ನಿಗಾದಲ್ಲಿ ದೀರ್ಘಕಾಲ ಮುಂದುವರಿಸಬೇಕಾದೀತು.